ನಿಮ್ಮ ಬಡಾವಣೆ ಎಷ್ಟು ಜನರನ್ನು ಸಾಕಬಲ್ಲದು? ನೀರಿನ ಬಿಲ್ಲಿನಿಂದ ಭೂಮಿಯವರೆಗೆ ಲೆಕ್ಕ ಹಾಕುವ ಕ್ರಮ

ಬೆಂಗಳೂರಿನಲ್ಲಿ ಬೇಸಿಗೆ ಬಂತೆಂದರೆ ಒಂದು ಮಾತು ಎಲ್ಲೆಲ್ಲೂ ಕೇಳುತ್ತದೆ: ‘ಜನ ಜಾಸ್ತಿಯಾದರು.’ ನಲ್ಲಿಯಲ್ಲಿ ನೀರು ಬಾರದಿದ್ದರೂ, ಸಿಲ್ಕ್ ಬೋರ್ಡ್‌ನಲ್ಲಿ ಬಸ್ ಕದಲದಿದ್ದರೂ, ರಸ್ತೆಯ ಮೂಲೆಯಲ್ಲಿ ಕಸದ ರಾಶಿ ಬಿದ್ದರೂ ಅದೇ ಮಾತು. ಹಾಗಾದರೆ ಎಷ್ಟು ಜನರಿದ್ದರೆ ಸರಿಹೋಗುತ್ತಿತ್ತು ಎಂದು ಮರುಪ್ರಶ್ನೆ ಹಾಕಿದರೆ ಉತ್ತರ ಬರುವುದಿಲ್ಲ. ಭೂಮಿಯ ಧಾರಣ ಸಾಮರ್ಥ್ಯದ, ಅಂದರೆ ಅದು ಎಷ್ಟು ಜನರನ್ನು ಹೊರಬಲ್ಲದು ಎಂಬುದರ ಬಗ್ಗೆ ನಡೆಯುವ ದೊಡ್ಡ ಚರ್ಚೆಗಳಲ್ಲೂ ಇದೇ ಕೊರತೆ ಇದೆ. ತಲೆಗಳನ್ನು ಎಣಿಸುತ್ತೇವೆ, ಒಂದೊಂದು ತಲೆಯ ಹಿಂದೆ ಎಷ್ಟು ನೀರು, ಎಷ್ಟು ನೆಲ, ಎಷ್ಟು ಕಸ ಇದೆ ಎಂಬುದನ್ನು ಎಣಿಸುವುದಿಲ್ಲ. ಆ ಎರಡನೇ ಎಣಿಕೆಯಿಲ್ಲದೆ ಮೊದಲನೆಯದಕ್ಕೆ ಅರ್ಥವೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಹಿಂದಿನ ಹನ್ನೆರಡು ತಿಂಗಳ ನೀರಿನ ಬಿಲ್, ಟ್ಯಾಂಕರ್ ರಸೀದಿಗಳು, ಒಂದು ಅಳತೆ ಟೇಪು, ನೋಟ್‌ಬುಕ್ಕು ಮತ್ತು ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಜೊತೆಗೆ ನೆರೆಹೊರೆಯವರಲ್ಲಿ ಇಬ್ಬರು ಮೂವರು ಕೈಜೋಡಿಸಿದರೆ ಕೆಲಸ ಸುಲಭ.

ಹಂತ 1: ಗಡಿ ಎಳೆಯಿರಿ

ಇಡೀ ನಗರವನ್ನು ಹಿಡಿಯಲು ಹೋಗಬೇಡಿ. ನಿಮ್ಮ ಅಪಾರ್ಟ್‌ಮೆಂಟ್, ನಿಮ್ಮ ಅಡ್ಡರಸ್ತೆ ಅಥವಾ ಹೆಚ್ಚೆಂದರೆ ನಿಮ್ಮ ಬಡಾವಣೆ ಇರಲಿ. ಕಾಗದದ ಮೇಲೆ ನಕ್ಷೆ ಬರೆದು ಗಡಿ ಗುರುತಿಸಿ, ಪಕ್ಕದಲ್ಲಿ ಮೂರು ಅಂಕಣ ಹಾಕಿ: ಗಡಿಯೊಳಗೇ ಸಿಗುವುದು, ಹೊರಗಿನಿಂದ ಬರುವುದು, ಹೊರಗೆ ಹೋಗುವುದು. ಮಳೆ ಮತ್ತು ಕೊಳವೆಬಾವಿಯ ನೀರು ಮೊದಲನೆಯದಕ್ಕೆ ಸೇರುತ್ತವೆ. ಕಾವೇರಿ, ಅಕ್ಕಿ, ರಾಗಿ, ಹಾಲು, ವಿದ್ಯುತ್ ಎರಡನೆಯದಕ್ಕೆ. ಚರಂಡಿ ನೀರು ಮತ್ತು ಕಸ ಮೂರನೆಯದಕ್ಕೆ. ಮೊದಲ ಅಂಕಣ ಎಷ್ಟು ಚಿಕ್ಕದು ಎಂಬುದು ಬರೆಯುವಾಗಲೇ ಕಣ್ಣಿಗೆ ಬೀಳುತ್ತದೆ.

ಹಂತ 2: ಜನರನ್ನು ಎಣಿಸಿ, ಯಾರನ್ನೂ ಬಿಡದೆ

2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ಚಿಲ್ಲರೆ ಇತ್ತು. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಆದ್ದರಿಂದ ಈಗ ಕೈಗೆ ಸಿಗುವ ಸರ್ಕಾರಿ ಅಂಕಿ ಬಹಳ ಹಳೆಯದು. ಮತದಾರರ ಪಟ್ಟಿಯೂ ಸಾಲದು. ಅದರಲ್ಲಿ ಮಕ್ಕಳಿಲ್ಲ, ಊರಿನಲ್ಲೇ ಮತ ಇಟ್ಟುಕೊಂಡು ಇಲ್ಲಿ ದುಡಿಯುವವರೂ ಇಲ್ಲ.

ನಾನು ಸೂಚಿಸುವ ದಾರಿ ಬೇರೆ. ಬೆಸ್ಕಾಂ ಮೀಟರುಗಳನ್ನು ಎಣಿಸಿ, ಅಂದರೆ ಎಷ್ಟು ಆರ್‌ಆರ್ ಸಂಖ್ಯೆಗಳಿವೆ ನೋಡಿ. ಅದರಲ್ಲಿ ಹತ್ತರಲ್ಲೊಂದು ಮನೆಗೆ ಹೋಗಿ ಎಷ್ಟು ಜನ ಇದ್ದೀರಿ ಎಂದು ಕೇಳಿ, ಸರಾಸರಿ ತೆಗೆದು ಗುಣಿಸಿ. ಪಿ.ಜಿ.ಗಳನ್ನು ಮಾತ್ರ ಹಾಸಿಗೆಗಳ ಲೆಕ್ಕದಲ್ಲಿ ಬರೆಯಿರಿ, ಒಂದೇ ಮೀಟರಿನ ಹಿಂದೆ ನಲವತ್ತು ಜನ ಇರಬಹುದು. ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು, ಕಾವಲುಗಾರರ ಕೋಣೆ, ಖಾಲಿ ಸೈಟಿನಲ್ಲಿ ಡೇರೆ ಹಾಕಿಕೊಂಡ ಕುಟುಂಬ, ಇವರೆಲ್ಲರೂ ಎಣಿಕೆಗೆ ಬರಬೇಕು. ಮನೆಗೆಲಸಕ್ಕೆ ಬಂದು ಹೋಗುವವರನ್ನು ಮೂರನೇ ಒಂದು ಭಾಗ ಎಂದು ಹಿಡಿಯಿರಿ. ಬಡಾವಣೆಯನ್ನು ಕಟ್ಟಿದವರನ್ನೇ ಬಡಾವಣೆಯ ಲೆಕ್ಕದಿಂದ ಬಿಡುವುದು ಅನ್ಯಾಯ, ಅದಕ್ಕಿಂತ ಮೊದಲು ಅದು ತಪ್ಪು ಲೆಕ್ಕ.

ಹಂತ 3: ಬೆಳವಣಿಗೆಯ ವೇಗ, ಮತ್ತು ಅದರ ಕಾರಣ

ಶೇಕಡಾವಾರು ಬೆಳವಣಿಗೆ ತಿಳಿದಿದ್ದರೆ 70ನ್ನು ಅದರಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಜನಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು ಬರುತ್ತದೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65.4 ಲಕ್ಷ ಜನರಿದ್ದರು, 2011ರಲ್ಲಿ 96.2 ಲಕ್ಷ. ಹತ್ತು ವರ್ಷಕ್ಕೆ ಶೇ 47, ಅಂದರೆ ವರ್ಷಕ್ಕೆ ಸುಮಾರು ಶೇ 3.9. ಅದೇ ವೇಗ ಉಳಿದರೆ 18 ವರ್ಷಕ್ಕೆ ಇಮ್ಮಡಿ. ಇಡೀ ಜಗತ್ತಿನ ಬೆಳವಣಿಗೆ ಈಗ ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ. 1960ರ ದಶಕದಲ್ಲಿ ಅದು ಶೇ 2ನ್ನು ದಾಟಿತ್ತು.

ಇಲ್ಲಿ ನಿಂತು ಕಾರಣ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಹಾಗೆಯೇ ಉಳಿಯಲು 2.1 ಬೇಕು. ಅಂದರೆ ನಮ್ಮ ರಾಜ್ಯದ ಕುಟುಂಬಗಳು ಚಿಕ್ಕದಾಗಿ ಬಹಳ ಕಾಲವಾಯಿತು. ಬೆಂಗಳೂರು ಹಿಗ್ಗುತ್ತಿರುವುದಕ್ಕೆ ಮುಖ್ಯ ಕಾರಣ ಬಂದು ನೆಲೆಸುವವರು. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಒಂದು ಕುಟುಂಬ ಇಲ್ಲಿಗೆ ಬಂದರೆ ನಗರದ ಜನಸಂಖ್ಯೆ ಏರುತ್ತದೆ, ಭೂಮಿಯ ಜನಸಂಖ್ಯೆ ಏರುವುದಿಲ್ಲ. ಬೆಂಗಳೂರಿನ ನೀರಿನ ಬವಣೆಗೆ ಕುಟುಂಬ ಯೋಜನೆಯ ಮದ್ದು ಹೇಳುವವರು ಈ ಎರಡನ್ನು ಬೆರೆಸಿಬಿಡುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇವು ಬೇರೆ ಬೇರೆ ಸಾಲುಗಳಾಗಿರಲಿ.

ಹಂತ 4: ನೀರು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಬೆಂಗಳೂರಿನಲ್ಲಿ ಮಿತಿ ಮೊದಲು ತಟ್ಟುವುದು ಇಲ್ಲೇ.

ಮೊದಲಿಗೆ ತಲಾ ಬಳಕೆ. ಬಿಲ್ಲಿನಲ್ಲಿ ಬಳಕೆ ಕಿಲೋಲೀಟರಿನಲ್ಲಿರುತ್ತದೆ, ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್. ಅದಕ್ಕೆ ಟ್ಯಾಂಕರ್ ನೀರನ್ನು ಕೂಡಿ, ಕೊಳವೆಬಾವಿಗೆ ಮೀಟರ್ ಇದ್ದರೆ ಅದನ್ನೂ ಕೂಡಿ. ತಿಂಗಳ ದಿನಗಳಿಂದಲೂ ಜನರಿಂದಲೂ ಭಾಗಿಸಿ. ಉದಾಹರಣೆಗೆ 320 ಜನರಿರುವ ಒಂದು ಅಪಾರ್ಟ್‌ಮೆಂಟ್ ತಿಂಗಳಿಗೆ 900 ಕಿಲೋಲೀಟರ್ ಕಾವೇರಿ ನೀರನ್ನೂ 6,000 ಲೀಟರಿನ 60 ಟ್ಯಾಂಕರುಗಳನ್ನೂ ಬಳಸುತ್ತದೆ ಎಂದುಕೊಳ್ಳಿ. ಒಟ್ಟು 1,260 ಕಿಲೋಲೀಟರ್, ಒಬ್ಬರಿಗೆ ದಿನಕ್ಕೆ 131 ಲೀಟರ್. ನಗರಗಳಿಗೆ ಸರ್ಕಾರಿ ಮಾನದಂಡ 135 ಲೀಟರ್ ಆದ್ದರಿಂದ ಎಲ್ಲವೂ ಸರಿಯಿದೆ ಎನಿಸುತ್ತದೆ.

ಈಗ ಅದೇ ಅಪಾರ್ಟ್‌ಮೆಂಟಿನ ಅತಿ ಕೆಟ್ಟ ತಿಂಗಳನ್ನು ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಕಾವೇರಿ ನೀರು 700 ಕಿಲೋಲೀಟರಿಗೆ ಇಳಿಯಿತು, ಟ್ಯಾಂಕರ್ ಸಿಗಲಿಲ್ಲ. ಆ ನೀರು ದಿನಕ್ಕೆ 135 ಲೀಟರ್ ಬಳಸುವ 167 ಜನರಿಗೆ ಸಾಕು. 90 ಲೀಟರ್ ಬಳಸಿದರೆ 251 ಜನರಿಗೆ. 70 ಲೀಟರಿನಲ್ಲಿ ನಿಭಾಯಿಸಿದರೆ 322 ಜನರಿಗೆ, ಅಂದರೆ ಅಲ್ಲಿರುವ ಎಲ್ಲರಿಗೂ. ಮೂಲಭೂತ ಅಗತ್ಯಕ್ಕೆ ದಿನಕ್ಕೆ 50ರಿಂದ 100 ಲೀಟರ್ ಬೇಕೆಂದು ವಿಶ್ವಸಂಸ್ಥೆ ಹೇಳುತ್ತದೆ, 70 ಲೀಟರ್ ಆ ಮಿತಿಯೊಳಗೇ ಇದೆ. ಅದೇ ಕಟ್ಟಡ, ಅದೇ ನೀರು. ಹೊರಬಲ್ಲ ಜನರ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಇಮ್ಮಡಿ ಬದಲಾಯಿತು. ಈ ಮಾರ್ಗದರ್ಶಿಯಲ್ಲಿ ಒಂದೇ ಲೆಕ್ಕ ಮಾಡುವುದಾದರೆ ಇದನ್ನೇ ಮಾಡಿ.

ಬಳಕೆ ಎಲ್ಲಿ ಇಳಿಯುತ್ತದೆ ಎಂಬುದನ್ನೂ ಮನೆಯಲ್ಲೇ ಅಳೆಯಬಹುದು. ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರ್ ಅಥವಾ ಹೆಚ್ಚು ಸುರಿಯುತ್ತದೆ, ಎರಡು ಗುಂಡಿಯ ಹೊಸ ಬಗೆ ಮೂರು ಅಥವಾ ಆರು. ನಲ್ಲಿಯ ಕೆಳಗೆ ಬಕೆಟ್ ಇಟ್ಟು ನಿಮಿಷಕ್ಕೆ ಎಷ್ಟು ತುಂಬುತ್ತದೆ ನೋಡಿ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಹಾಕಿ ಮತ್ತೆ ನೋಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಏರೇಟರ್ ಕಡ್ಡಾಯ ಮಾಡಿದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿದ್ದು ಇದೇ ಉದ್ದೇಶಕ್ಕೆ.

ಮುಂದೆ ಮಳೆ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ತಾರಸಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಬರೆದು 970ರಿಂದ ಗುಣಿಸಿ, ಸೋರಿಕೆ ಮತ್ತು ಆವಿಗೆಂದು ಐದನೇ ಒಂದು ಭಾಗ ಕಳೆಯಿರಿ. 30×40 ಸೈಟಿನ ಇಡೀ 1,200 ಚದರ ಅಡಿ ತಾರಸಿಯಾಗಿದ್ದರೆ ವರ್ಷಕ್ಕೆ ಸುಮಾರು 86,500 ಲೀಟರ್ ಸಿಗುತ್ತದೆ. ನಾಲ್ಕು ಜನರ ಮನೆಗೆ, 135 ಲೀಟರ್ ಲೆಕ್ಕದಲ್ಲಿ, ಅದು ವರ್ಷದ ಬೇಡಿಕೆಯ ಶೇ 44. ಅದೇ ಸೈಟಿನಲ್ಲಿ ಮೂರು ಮಹಡಿ ಎತ್ತಿ ಹನ್ನೆರಡು ಜನ ವಾಸವಾದರೆ ಶೇ 15ಕ್ಕೆ ಇಳಿಯುತ್ತದೆ. ತಾರಸಿ ಒಂದೇ, ಅದರ ಕೆಳಗಿನವರು ಮೂರು ಪಟ್ಟು. ಮಳೆಯ ಬಹುಪಾಲು ಮೇಯಿಂದ ಅಕ್ಟೋಬರ್‌ವರೆಗೆ ಸುರಿಯುವುದರಿಂದ ಮನೆಯ ಸಂಪು ಅಷ್ಟನ್ನೂ ಹಿಡಿಯಲಾರದು. ಹೆಚ್ಚಿನದನ್ನು ಇಂಗುಬಾವಿಗೆ ಬಿಡಬೇಕು. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ದೊಡ್ಡ ಸೈಟುಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ನಿಮ್ಮ ಕಟ್ಟಡದ ಪೈಪು ನಿಜವಾಗಿಯೂ ಸಂಪಿಗೋ ಇಂಗುಬಾವಿಗೋ ಸೇರುತ್ತದೆಯೇ, ರಸ್ತೆಯ ಮೋರಿಗೆ ಸೇರುತ್ತದೆಯೇ ಎಂದು ಮಳೆ ಸುರಿಯುವಾಗ ಹೋಗಿ ನೋಡಿ.

ಕೊಳವೆಬಾವಿಯನ್ನು ಆದಾಯವೆಂದು ಬರೆಯಬೇಡಿ. ವರ್ಷಕ್ಕೆ ಇಂಗಿದಷ್ಟನ್ನು ಮಾತ್ರ ತೆಗೆಯುತ್ತಿದ್ದೀರೆಂದು ಖಾತ್ರಿಯಿಲ್ಲದಿದ್ದರೆ ಅದು ಕರಗುತ್ತಿರುವ ಠೇವಣಿ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನಿಮ್ಮ ಬಾವಿಯ ಆಳ, ಮೊದಲು ನೀರು ಸಿಕ್ಕ ಆಳ, ಈಗ ಪಂಪು ಇಳಿಸಿರುವ ಆಳ, ಮೂರನ್ನೂ ಬರೆಯಿರಿ.

ಕೊನೆಗೆ ಕಾವೇರಿ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ಮೊದಲ ಹಂತ. ಪ್ರತಿ ಸಲವೂ ನಗರ ತನ್ನ ಮಿತಿಯನ್ನು ಇನ್ನಷ್ಟು ದೂರಕ್ಕೆ ತಳ್ಳಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದ 775 ದಶಲಕ್ಷ ಲೀಟರ್ ಸೇರಿ ದಿನದ ಸಾಮರ್ಥ್ಯ ಸುಮಾರು 2,225 ದಶಲಕ್ಷ ಲೀಟರ್ ಆಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ಸುಮಾರು 28.7 ಟಿಎಂಸಿ ಅಡಿ. ಹಂಚಿಕೆಯಲ್ಲಿ ನೂರಕ್ಕೆ 28ರಷ್ಟು ನಷ್ಟ ಕಳೆದರೆ ಮನೆಗಳಿಗೆ ಮುಟ್ಟುವುದು 1,600 ದಶಲಕ್ಷ ಲೀಟರ್. ತಲಾ 135 ಲೀಟರಿನಂತೆ 1.18 ಕೋಟಿ ಜನರಿಗೆ, 100 ಲೀಟರಿನಂತೆ 1.6 ಕೋಟಿ ಜನರಿಗೆ ಸಾಕು. ನಗರದ ಜನಸಂಖ್ಯೆ ಈಗಾಗಲೇ 1.3 ಕೋಟಿ ದಾಟಿದೆ ಎಂಬ ಅಂದಾಜುಗಳಿವೆ. ಸೋರುವ ಕೊಳವೆಗಳನ್ನು ಸರಿಪಡಿಸಿದರೆ ಹೊಸ ಹಂತವಿಲ್ಲದೆಯೇ ಲಕ್ಷಾಂತರ ಜನರಿಗೆ ನೀರು ಸಿಗುತ್ತದೆ ಎಂಬುದೂ ಇದೇ ಲೆಕ್ಕದಲ್ಲಿದೆ.

ಆ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು, ಪಂಪಿನ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ. ನಿಮ್ಮ ತಿಂಗಳ ಕಾವೇರಿ ಬಳಕೆಯನ್ನು ಎರಡರಿಂದ ಗುಣಿಸಿ ನೀರಿನ ಸಾಲಿನ ಪಕ್ಕದಲ್ಲೇ ಬರೆಯಿರಿ. ಮಂಡ್ಯದ ರೈತರಿಗೂ ತಮಿಳುನಾಡಿನವರಿಗೂ ಅದೇ ನದಿ ಎಂಬುದನ್ನು ಮರೆಯಬೇಡಿ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ ಅಡಿ. ಆರನೇ ಹಂತ, ಏಳನೇ ಹಂತ ಎಂದು ಎಣಿಸುತ್ತ ಹೋಗಲು ನದಿ ಉದ್ದವಾಗುವುದಿಲ್ಲ.

ಹಂತ 5: ಹೊರಗೆ ಹೋಗುವುದು

ಬಳಸಿದ ನೀರಿನ ಶೇ 80 ಚರಂಡಿಗೆ ಎಂದು ಹಿಡಿಯಿರಿ. ಕಟ್ಟಡದ ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ, ದಿನಕ್ಕೆ ಎಷ್ಟು ಶುದ್ಧೀಕರಿಸುತ್ತದೆ, ಅದರಲ್ಲಿ ಎಷ್ಟು ಫ್ಲಶ್‌ಗೂ ಗಿಡಗಳಿಗೂ ಮರಳುತ್ತದೆ ಎಂದು ಕೇಳಿ ಬರೆಯಿರಿ. ಶುದ್ಧವಾಗದೆ ರಾಜಕಾಲುವೆಗೆ ಸೇರಿದ ನೀರು ಬೆಳ್ಳಂದೂರು ಕೆರೆಯನ್ನು ಏನು ಮಾಡಿತೆಂದು ನೊರೆಯನ್ನೂ 2015, 2017, 2018ರ ಬೆಂಕಿಯನ್ನೂ ಕಂಡವರಿಗೆ ಗೊತ್ತು. ಅದೇ ನೀರು ಶುದ್ಧವಾಗಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮರುಬಳಕೆಯಾದ ಪ್ರತಿ ಲೀಟರನ್ನೂ ನಿಮ್ಮ ಲೆಕ್ಕದ ಹಂತ 4ರ ನೀರಿನ ಪೂರೈಕೆಗೆ ಕೂಡಿಸಬಹುದು.

ಕಸಕ್ಕೆ ಒಂದು ವಾರ ಹಸಿ ಮತ್ತು ಒಣ ಕಸವನ್ನು ಬೇರೆಯಾಗಿ ತೂಗಿ. ಅದು ಹೋಗುವ ಊರಿನ ಹೆಸರನ್ನೂ ಬರೆಯಿರಿ. ಮಂಡೂರು, ಮಾವಳ್ಳಿಪುರದ ಜನ ನಮ್ಮ ಕಸವನ್ನು ಇನ್ನು ಹೊರಲಾರೆವೆಂದು ಬೀದಿಗಿಳಿದ ಮೇಲೆಯೇ ಅಲ್ಲಿ ಸುರಿಯುವುದು ನಿಂತಿದ್ದು. ಹಸಿ ಕಸ ಗಡಿಯೊಳಗೇ ಗೊಬ್ಬರವಾದರೆ ಆ ಸಾಲು ಶೂನ್ಯಕ್ಕೆ ಹತ್ತಿರವಾಗುತ್ತದೆ.

ಹಂತ 6: ಊಟವನ್ನು ಗುಂಟೆಯಲ್ಲಿ ಅಳೆಯಿರಿ

ನಾವು ತಿನ್ನುವುದು ಎಷ್ಟು ನೆಲದಲ್ಲಿ ಬೆಳೆಯುತ್ತದೆ? ಮನೆಯ ದಿನಸಿ ಚೀಟಿಯನ್ನು ಎದುರಿಗಿಟ್ಟುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 150 ಕಿಲೋ ಧಾನ್ಯ ಎನ್ನೋಣ. ಮಳೆಯಾಶ್ರಿತ ರಾಗಿ ಎಕರೆಗೆ 7 ಕ್ವಿಂಟಲ್ ಬಂದರೆ ಒಂದು ಗುಂಟೆಗೆ 17.5 ಕಿಲೋ, ಅಂದರೆ ಎಂಟೂವರೆ ಗುಂಟೆ ಬೇಕು. 20 ಕಿಲೋ ತೊಗರಿಗೆ, ಎಕರೆಗೆ 3 ಕ್ವಿಂಟಲ್ ಇಳುವರಿಯಲ್ಲಿ, ಮತ್ತೆ ಎರಡೂವರೆಯಿಂದ ಮೂರು ಗುಂಟೆ. 12 ಕಿಲೋ ಕಡಲೆಕಾಯಿ ಎಣ್ಣೆಗೆ ನಾಲ್ಕು ಗುಂಟೆ, ತರಕಾರಿಗೆ ಒಂದು. ಹದಿನಾರು ಗುಂಟೆ ಆಯಿತು. ಹಾಲು, ಮೊಟ್ಟೆ, ಮಾಂಸಕ್ಕೆ ಮೇವಿನ ನೆಲ ಬೇರೆ.

84 ಲಕ್ಷ ಜನರಿಗೆ ಹದಿನಾರು ಗುಂಟೆಯಂತೆ ಸುಮಾರು 13,600 ಚದರ ಕಿಲೋಮೀಟರ್. ಬಿಬಿಎಂಪಿ ಇದ್ದದ್ದು 741 ಚದರ ಕಿಲೋಮೀಟರಿನಲ್ಲಿ. ಇಡೀ ತುಮಕೂರು ಜಿಲ್ಲೆಯನ್ನು ಉತ್ತು ಬಿತ್ತಿದರೂ 2011ರ ಬೆಂಗಳೂರಿಗೆ ಸಾಲುತ್ತಿರಲಿಲ್ಲ.

ಈ ಅಂಕಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ನೀರಾವರಿ ಇದ್ದರೆ ಎರಡು ಬೆಳೆ, ಬೇಕಾದ ನೆಲ ಅರ್ಧ. ತಳಿ ಬದಲಾದರೂ ಲೆಕ್ಕ ಬದಲಾಗುತ್ತದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅದೇ ಹೊಲ ಹೆಚ್ಚು ಬಾಯಿಗಳಿಗೆ ಉಣಿಸಿತು. 1798ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾಲ್ಥಸ್ ಅನ್ನ ಜನರ ಬೆನ್ನಟ್ಟಲಾರದು ಎಂದು ಬರೆದಾಗ ಇಂಥದ್ದು ಅವನ ಲೆಕ್ಕದಲ್ಲಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಗಾಳಿಯ ಸಾರಜನಕದಿಂದ ಗೊಬ್ಬರ ತಯಾರಿಸುವ ಹೇಬರ್–ಬಾಷ್ ವಿಧಾನ ಬಂದದ್ದೂ ಇರಲಿಲ್ಲ. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟ ಆ ಗೊಬ್ಬರದ ಮೇಲೆ ನಿಂತಿದೆ, ಆ ಗೊಬ್ಬರ ಬಹುಪಾಲು ನೈಸರ್ಗಿಕ ಅನಿಲದ ಮೇಲೆ ನಿಂತಿದೆ. ಮಿತಿ ಸರಿದದ್ದು ನಿಜ. ಅದನ್ನು ಸರಿಸಿದ ಕೈ ಭೂಗರ್ಭದ ಇಂಧನದ್ದು ಎಂಬುದೂ ಅಷ್ಟೇ ನಿಜ.

ಹಂತ 7: ಅತಿ ಚಿಕ್ಕ ಅಂಕಿಯನ್ನು ಆರಿಸಿ

ನೀರು, ಚರಂಡಿ, ಕಸ, ಊಟ, ಪ್ರತಿಯೊಂದಕ್ಕೂ ‘ಇಷ್ಟು ಜನರಿಗೆ ಸಾಕು’ ಎಂಬ ಅಂಕಿ ಈಗ ನಿಮ್ಮಲ್ಲಿದೆ. ಸರಾಸರಿ ತೆಗೆಯಬೇಡಿ. ನೀರು 250 ಜನರಿಗೆ, ಎಸ್‌ಟಿಪಿ 400 ಜನರಿಗೆ ಸಾಕಾದರೆ ಉತ್ತರ 250. ಎಸ್‌ಟಿಪಿಯ ಹೆಚ್ಚುವರಿ ಯಾರ ಬಾಯಾರಿಕೆಯನ್ನೂ ತಣಿಸದು. ಆ ಅಂಕಿಯ ಪಕ್ಕ ಮೂರು ವಿಷಯ ಬರೆಯದಿದ್ದರೆ ಅದನ್ನು ಯಾರಿಗೂ ತೋರಿಸಬೇಡಿ: ಯಾವ ತಿಂಗಳದ್ದು, ತಲಾ ಎಷ್ಟು ಬಳಕೆಯಲ್ಲಿ, ಹೊರಗಿನ ಯಾವ ಊರು ನದಿಗಳ ಭರವಸೆಯ ಮೇಲೆ.

ಹಂತ 8: ಭೂಮಿಗೆ ಹಿಗ್ಗಿಸುವಾಗ

1679ರಲ್ಲಿ ಹಾಲೆಂಡಿನ ಲೇವನ್‌ಹುಕ್, ಸೂಕ್ಷ್ಮದರ್ಶಕದಲ್ಲಿ ಜೀವಾಣುಗಳನ್ನು ಕಂಡವನು, ಭೂಮಿಯ ಜನರ ಗರಿಷ್ಠ ಸಂಖ್ಯೆಯನ್ನು ಅಂದಾಜು ಮಾಡಿದ. ಹಾಲೆಂಡಿನಲ್ಲಿ ಹತ್ತು ಲಕ್ಷ ಜನ, ವಾಸಯೋಗ್ಯ ಭೂಮಿ ಹಾಲೆಂಡಿನ 13,385 ಪಟ್ಟು, ಗುಣಿಸಿದರೆ ಸುಮಾರು 1,340 ಕೋಟಿ. ಆದರೆ ಆ ಕಾಲದ ಹಾಲೆಂಡ್ ಬಾಲ್ಟಿಕ್ ತೀರದಿಂದ ಧಾನ್ಯ ತರಿಸಿ ತಿನ್ನುತ್ತಿತ್ತು. ಅದೇ ವಿಧಾನವನ್ನು ಬೆಂಗಳೂರಿಗೆ ಹಚ್ಚಿ: 2011ರಲ್ಲಿ ಚದರ ಕಿಲೋಮೀಟರಿಗೆ 11,400 ಜನ, ಭೂಮಿಯ ಒಣನೆಲ 14.9 ಕೋಟಿ ಚದರ ಕಿಲೋಮೀಟರ್, ಗುಣಲಬ್ಧ 1.7 ಲಕ್ಷ ಕೋಟಿ ಜನ. ನಗರಕ್ಕೆ ಮಂಡ್ಯ, ತುಮಕೂರು, ಕೋಲಾರಗಳಿವೆ. ಭೂಮಿಗೆ ಹೊರಗಿನ ಜಿಲ್ಲೆಯಿಲ್ಲ. ಆದ್ದರಿಂದ ಭೂಮಿಗೆ ಹಿಗ್ಗಿಸುವಾಗ ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಅಳಿಸಿ, ಎಲ್ಲವನ್ನೂ ಮೊದಲನೆಯದರಲ್ಲೇ ಬರೆಯಬೇಕು.

ಬರೆದು ನೋಡಿ. ಜಗತ್ತಿನ ಸಾಗುವಳಿ ಭೂಮಿಯನ್ನು ಇಂದಿನ 800 ಕೋಟಿಗೂ ಹೆಚ್ಚು ಜನರಿಗೆ ಹಂಚಿದರೆ ತಲಾ ಸುಮಾರು ಹದಿನೇಳು ಗುಂಟೆ, ಭಾರತದಲ್ಲಿ ಹತ್ತು. ನಾವು ಬಳಸುವ ಎಲ್ಲವನ್ನೂ ನೆಲದ ಅಳತೆಗೆ ತರುವ ಪರಿಸರ ಹೆಜ್ಜೆಗುರುತಿನ ಲೆಕ್ಕಗಳಲ್ಲಿ ಭೂಮಿ ವರ್ಷಕ್ಕೆ ನವೀಕರಿಸಿಕೊಡಬಲ್ಲದ್ದು ತಲಾ ಒಂದೂವರೆ ಹೆಕ್ಟೇರಿನಷ್ಟು, ನಾವು ಬಳಸುತ್ತಿರುವ ಸರಾಸರಿ ಎರಡೂವರೆಗಿಂತ ಹೆಚ್ಚು. ಸರಾಸರಿ ಭಾರತೀಯನ ಬಳಕೆ ಒಂದು ಹೆಕ್ಟೇರಿನ ಆಸುಪಾಸು, ಸರಾಸರಿ ಅಮೆರಿಕನ್ನನದು ಏಳಕ್ಕಿಂತ ಹೆಚ್ಚು. ಎಲ್ಲರೂ ಅಮೆರಿಕನ್ನರಂತೆ ಬಾಳಿದರೆ ಭೂಮಿ ಸುಮಾರು 160 ಕೋಟಿ ಜನರಿಗೆ ಸಾಕು, ಭಾರತದ ಸರಾಸರಿಯಲ್ಲಿ ಸಾವಿರ ಕೋಟಿಗೂ. ನಮ್ಮ ಸರಾಸರಿಯಲ್ಲಿ ಅರೆಹೊಟ್ಟೆಯ ಕೋಟಿಗಟ್ಟಲೆ ಜನರಿದ್ದಾರೆ, ಆದ್ದರಿಂದ ಅದು ಗುರಿಯಾಗಬಾರದು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಜನಸಂಖ್ಯೆ 2080ರ ದಶಕದಲ್ಲಿ ಸುಮಾರು 1,030 ಕೋಟಿ ತಲುಪಿ ಇಳಿಯತೊಡಗುತ್ತದೆ. ತಲೆಗಳ ಬೆಳವಣಿಗೆಗೆ ಕೊನೆ ಕಾಣುತ್ತಿದೆ, ತಲಾ ಬಳಕೆಯ ಬೆಳವಣಿಗೆಗೆ ಇನ್ನೂ ಕಂಡಿಲ್ಲ.

ಹಂತ 9: ಲೆಕ್ಕವನ್ನು ಹೊರಗೆ ತನ್ನಿ

ಒಂದು ಪುಟದಲ್ಲಿ ಬರೆದು ನಿವಾಸಿಗಳ ಸಂಘದ ಸಭೆಯಲ್ಲಿ ಓದಿ, ಸೂಚನಾ ಫಲಕಕ್ಕೆ ಹಾಕಿ. ಹೊಸ ಬಹುಮಹಡಿ ಕಟ್ಟಡಕ್ಕೆ ಅನುಮತಿ ಕೇಳಿಬಂದಾಗ ಮಾರ್ಚ್ ತಿಂಗಳ ನೀರಿನ ಅಂಕಿಯನ್ನು ಮುಂದಿಟ್ಟು ಪ್ರಶ್ನೆ ಕೇಳಿ. ತಲಾ ಬಳಕೆಯನ್ನು ಫ್ಲ್ಯಾಟುಗಳಿಗೆ, ಪಿ.ಜಿ.ಗೆ, ಕಾರ್ಮಿಕರ ಶೆಡ್ಡಿಗೆ ಬೇರೆಬೇರೆಯಾಗಿ ತೋರಿಸಿ. ‘ಹೊರಗಿನವರು ಬಂದು ನೀರು ಖಾಲಿಯಾಯಿತು’ ಎಂಬ ಮಾತು ಸಭೆಯಲ್ಲಿ ಬಂದರೆ ಆ ಮೂರು ಸಾಲುಗಳನ್ನು ಗಟ್ಟಿಯಾಗಿ ಓದಿ.

ಮಾರ್ಚ್ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಒಮ್ಮೆ ಬಿಲ್ಲು, ರಸೀದಿ, ಕೊಳವೆಬಾವಿಯ ಆಳಗಳನ್ನು ಹೊಸದಾಗಿ ತುಂಬಿ. 2027ರ ಗಣತಿಯ ವಾರ್ಡುವಾರು ಅಂಕಿಗಳು ಹೊರಬಂದಾಗ ಎರಡನೇ ಹಂತದ ಜನರ ಸಂಖ್ಯೆಯನ್ನು ಅದರೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಶೆಡ್ಡು ಮತ್ತು ಪಿ.ಜಿ.ಗಳ ಸಾಲುಗಳನ್ನು ಮೊದಲು ಪರಿಶೀಲಿಸಿ.